ಊರ ಮೊಹರಂನಿಂದ ಪಿಎಚ್.ಡಿ.ವರೆಗೆ: ಧರ್ಮದ ಅಧ್ಯಯನಕ್ಕೆ ಮೇಷ್ಟ್ರು ಇಳಿಯೋದು ಹೇಗೆ?

ಮೊಹರಂ ಬಂತೆಂದರೆ ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಅಲಾಯಿ ಕುಣಿಗೆ, ಅಂದರೆ ಹಬ್ಬದ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಬೀಳುತ್ತದೆ. ಮುಸ್ಲಿಮರ ಒಂದೂ ಮನೆ ಇಲ್ಲದ ಊರಲ್ಲೂ ಬೀಳುತ್ತದೆ. ರಾತ್ರಿಯೆಲ್ಲಾ ಹೆಜ್ಜೆ ಹಾಕಿದ ಹುಡುಗ ಮರುದಿನ ನಿದ್ದೆಗಣ್ಣಲ್ಲೇ ನಿಮ್ಮ ಕ್ಲಾಸಿಗೆ ಬಂದು ಕೂತಿರುತ್ತಾನೆ. ಮೊದಲ ಗುದ್ದಲಿ ಹಾಕೋದು ಯಾರ ಮನೆಯವರು ಅಂತ ಅವನನ್ನು ಕೇಳಿ, ಥಟ್ಟನೆ ಹೇಳುತ್ತಾನೆ. ಅವರೇ ಯಾಕೆ ಅಂತ ಕೇಳಿದರೆ ಸುಮ್ಮನಾಗುತ್ತಾನೆ. ನಿಮಗೂ ಗೊತ್ತಿಲ್ಲ ಅಲ್ವಾ? ಹಾಗಾದರೆ ಸಂಶೋಧನೆ ಶುರು ಮಾಡಲು ಪ್ರಶ್ನೆ ಸಿಕ್ಕಿತು. 'ಧರ್ಮ ಮತ್ತು ಸಮಾಜ' ಅಂತ ದೊಡ್ಡ ಹೆಸರಿಟ್ಟುಕೊಂಡು ಹೊರಡಬೇಡಿ.

ಮುಂದಿನ ಕೆಲಸ, ಧರ್ಮದ ವಿಷಯ ಮುಟ್ಟುವ ಭಯ ಬಿಡುವುದು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಕಾಲೇಜುಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ಒಂದು ಧರ್ಮವನ್ನು ಮಕ್ಕಳ ತಲೆಗೆ ತುಂಬುವುದು ಬೇರೆ, ಧರ್ಮಗಳ ಬಗ್ಗೆ ಓದಿ ತಿಳಿಯುವುದು ಬೇರೆ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿದೆ. ಈ ಗೆರೆಯನ್ನು ಮಾತ್ರ ನೀವು ದಾಟಬಾರದು.

ಆಮೇಲೆ ನೋಟ್‌ಬುಕ್ ಹಿಡಿದು ಊರೊಳಗೆ ಹೋಗಿ. ಅಲಾಯಿ ದೇವರು (ಮೊಹರಂನ ಪಂಜಾ) ಹಿಡಿಯುವವರು, ರಿವಾಯತ ಪದ (ಮೊಹರಂನ ಹಾಡು) ಹಾಡುವವರು, ಕುಣಿಗೆ ಕಟ್ಟಿಗೆ ಹೊರುವವರು, ಎಲ್ಲರ ಹತ್ತಿರವೂ ಕೂತು ಮಾತಾಡಿ. ರೆಕಾರ್ಡ್ ಮಾಡುವ ಮೊದಲು ಕೇಳಿ, ಬೇಡ ಅಂದರೆ ಫೋನ್ ಜೇಬಿಗೆ ಹಾಕಿ. ಪದವನ್ನು ಅವರು ಹಾಡಿದ ಹಾಗೇ ಬರೆದುಕೊಳ್ಳಿ. ತಪ್ಪು ಕಂಡಿತೆಂದು ತಿದ್ದಲು ಹೋಗಬೇಡಿ, ಯಾಕೆಂದರೆ ನಿಮಗೆ ತಪ್ಪೆನಿಸಿದ ಆ ಮಾತಿನಲ್ಲೇ ಪದ ಯಾವ ಸೀಮೆಯಿಂದ ಬಂತು ಅನ್ನೋ ಗುರುತು ಇರಬಹುದು. ತಾರೀಖು, ಜಾಗ, ಹೇಳಿದವರ ವಯಸ್ಸು ಅದೇ ದಿನ ಬರೆಯಿರಿ. ನನ್ನ ಪ್ರಕಾರ ಇಡೀ ಸಂಶೋಧನೆಯಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇದಕ್ಕೇ.

ಇದೇ ಕೆಲಸ ಬೇರೆಯವರು ಮಾಡಿದ್ದಾರಾ ಅಂತ ಶೋಧಗಂಗಾ ಜಾಲತಾಣದಲ್ಲಿ ಹುಡುಕಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ.

ಕಾಲೇಜು ಅಧ್ಯಾಪಕರಿಗೆ ತರಬೇತಿ ಕೊಡುವುದು ಮಾಳವೀಯ ಮಿಷನ್ ಕೇಂದ್ರಗಳು. ಹಿಂದೆ ಎಚ್‌ಆರ್‌ಡಿಸಿ (ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ) ಅನ್ನುತ್ತಿದ್ದರಲ್ಲ, ಅವೇ. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಇವೆ. ರಿಫ್ರೆಶರ್ ಕೋರ್ಸ್ ಬಡ್ತಿಗೆ ಹೇಗಿದ್ದರೂ ಬೇಕು. ಸುಮ್ನೆ ಯಾವುದೋ ಒಂದಕ್ಕೆ ಹೆಸರು ಕೊಡುವ ಬದಲು ಕ್ಷೇತ್ರಕಾರ್ಯ, ಸಂಶೋಧನಾ ವಿಧಾನ ಕಲಿಸುವಂಥದ್ದನ್ನು ಆರಿಸಿಕೊಳ್ಳಿ.

ಪಿಎಚ್.ಡಿ. ಮಾಡಲು ಕೆಲಸ ಬಿಡಬೇಕಾಗಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಅಂಕ ಇರಬೇಕು. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷದ ರಿಯಾಯಿತಿ ಸಿಗುತ್ತದೆ. ಆದರೆ ನೀವು ಕೆಲಸ ಮಾಡುವ ಸಂಸ್ಥೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕಡ್ಡಾಯ, ಅಧ್ಯಯನಕ್ಕೆ ಸಮಯ ಕೊಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಅರ್ಜಿ ಕರೆದ ಮೇಲೆ ಓಡಾಡಬೇಡಿ, ಮೊದಲೇ ಕೇಳಿಟ್ಟುಕೊಳ್ಳಿ.

ಪೂರ್ಣಾವಧಿ ಮಾಡುವ ಕಿರಿಯರಿಗೆ ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯ ದಾರಿ ಇದೆ. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ನೆಟ್‌ನಲ್ಲಿ ಧರ್ಮಗಳ ತುಲನಾತ್ಮಕ ಅಧ್ಯಯನ ಅಂತಲೇ ಒಂದು ವಿಷಯವಿದೆ, ಆದರೆ ಇತಿಹಾಸ, ಜಾನಪದ, ಸಮಾಜಶಾಸ್ತ್ರ ಓದಿದವರು ತಮ್ಮ ವಿಷಯದಲ್ಲೇ ಬರೆದು, ಧರ್ಮದ ಪ್ರಶ್ನೆಯನ್ನು ಪಿಎಚ್.ಡಿ.ಗೆ ಎತ್ತಿಕೊಳ್ಳಬಹುದು.

ಎಲ್ಲಿ ಸೇರೋದು? ಜೈನ ಧರ್ಮದಲ್ಲಿ ಆಸಕ್ತಿ ಇದ್ದರೆ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ನೋಡಿ. ಕನ್ನಡದಲ್ಲೇ ಬರೆಯಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಗುರು ಗೋವಿಂದ ಭಟ್ಟರ ಶಿಷ್ಯ ಶರೀಫರ ಶಿಶುನಾಳವೂ ಅದೇ ಶಿಗ್ಗಾವಿ ಸೀಮೆಯದು. ಗೈಡ್‌ ಹುಡುಕಲು ಹೋಗುವಾಗ ಬರೀ ಬಯೋಡೇಟಾ ಒಯ್ಯಬೇಡಿ. ಆ ನೋಟ್‌ಬುಕ್ ತಗೊಂಡು ಹೋಗಿ, ಗುದ್ದಲಿಯ ಪುಟ ತೆಗೆದು ತೋರಿಸಿ.