ಆಂಟೆನಾ ಬದಲಿಸಿದ ಮೇಲೂ ವೈಫೈ ತಡವರಿಸಿದಾಗ

ಅಕ್ಕನ ಹಳೆಯ ಲ್ಯಾಪ್‌ಟಾಪಿನ ಹಿಂಜ್ (ಪರದೆ ಮಡಚುವ ಕೀಲು) ಮುರಿದಾಗ ವೈಫೈ ಆಂಟೆನಾದ ವೈರ್‌ಗಳೂ ತುಂಡಾಗಿದ್ದವು. ಹಿಂಜ್ ಸರಿಮಾಡಿ, ಹೊಸ ಜೋಡಿ ಆಂಟೆನಾ ತರಿಸಿ ಕೂರಿಸಿದೆ. ವೈಫೈ ಬಂತು. ಆದರೆ ರೂಟರ್ ಇರುವ ಕೋಣೆಯಲ್ಲಿ ಮಾತ್ರ. ಪಕ್ಕದ ಕೋಣೆಗೆ ಹೋದರೆ ವಿಡಿಯೊ ಕಾಲ್ ನಿಂತು ನಿಂತು ಬರುತ್ತಿತ್ತು. ಬ್ಲೂಟೂತ್ ಮೌಸ್ ಅಂತೂ ಅದೇ ಮೇಜಿನ ಮೇಲಿದ್ದರೂ ತಡೆತಡೆದು ಓಡುತ್ತಿತ್ತು.

ಇಂಥ ಹೊತ್ತಲ್ಲಿ ಸುಮಾರು ಜನ ಮೊದಲು ಡ್ರೈವರ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ. ನನಗೆ ಮೌಸ್ ಕಾಟವೇ ದೊಡ್ಡ ಸುಳಿವಾಯಿತು. ಆ ಲ್ಯಾಪ್‌ಟಾಪಿನಲ್ಲಿ ವೈಫೈ, ಬ್ಲೂಟೂತ್ ಎರಡನ್ನೂ ನೋಡಿಕೊಳ್ಳುವುದು ಒಂದೇ ಇಂಟೆಲ್ ಕಾರ್ಡ್. ಅದರಲ್ಲಿ ಆಂಟೆನಾ ವೈರ್‌ಗಳಿಗೆ ಎರಡು ಸಾಕೆಟ್, ಮೇನ್ ಮತ್ತು ಆಕ್ಸ್. ವೈಫೈಗೆ ಎರಡೂ ಬೇಕು. ಬ್ಲೂಟೂತ್‌ಗೆ ಆಕ್ಸ್ ಒಂದೇ. ಅನುಮಾನ ಆ ಕಡೆಗೇ ಹೋಯಿತು.

ಪರದೆಯ ಮೂಲೆಯ ವೈಫೈ ಗೆರೆಗಳನ್ನು ಇಲ್ಲಿ ನಂಬಬೇಡಿ. ಒಂದು ಆಂಟೆನಾ ಚೆನ್ನಾಗಿದ್ದರೂ ಗೆರೆಗಳು ತುಂಬಿ ಕಾಣಬಹುದು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಪೆನ್‌ಡ್ರೈವ್‌ನಿಂದ ಉಬುಂಟು (ಲಿನಕ್ಸ್) ಬೂಟ್ ಮಾಡಿ, ವೈಫೈ ವಿವರ ತೋರಿಸುವ ‘ಐಡಬ್ಲ್ಯೂ’ (iw) ಕಮಾಂಡಿನಲ್ಲಿ ‘ಸ್ಟೇಷನ್ ಡಂಪ್’ (station dump) ಕೊಟ್ಟೆ. ಸಿಗ್ನಲ್ ಸಾಲಿನಲ್ಲಿ ಆವರಣದೊಳಗೆ ಒಂದೊಂದು ಆಂಟೆನಾದ್ದೂ ಪ್ರತ್ಯೇಕ ಅಂಕಿ ಬರುತ್ತದೆ. ಒಂದು ಮೈನಸ್ 54 ಡಿಬಿಎಂ, ಇನ್ನೊಂದು ಮೈನಸ್ 80. ಡಿಬಿಎಂ ಅಂದರೆ ಸಿಗ್ನಲ್ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಈ ಅಳತೆಯಲ್ಲಿ 20ರ ಅಂತರ ಅಂದರೆ ಸಿಗ್ನಲ್ ಶಕ್ತಿ ನೂರರಲ್ಲಿ ಒಂದು ಪಾಲಷ್ಟೇ. ಇಲ್ಲಿ ಅಂತರ ಅದಕ್ಕಿಂತಲೂ ಜಾಸ್ತಿ!

ಬ್ಯಾಟರಿ ಕನೆಕ್ಟರ್ ತೆಗೆದು, ಕಾರ್ಡಿನ ಮೇಲಿನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದೆ. ಈ ಪುಟ್ಟ ಕನೆಕ್ಟರ್‌ಗಳನ್ನು ವೈರ್ ಹಿಡಿದು ಎಳೆಯಬಾರದು, ಅಂಚಿನಿಂದ ನೇರ ಮೇಲಕ್ಕೆ ಎಬ್ಬಿಸಬೇಕು. ಹಾಕುವಾಗ ಟಕ್ ಅನ್ನುವ ತನಕ ನೇರ ಒತ್ತಬೇಕು. ಹಳೆಯ ಮಿನಿ ಪಿಸಿಐ ಕಾರ್ಡಿನ ಕನೆಕ್ಟರ್ ದೊಡ್ಡದು, ಹೊಸ ಬಗೆಯ ಎಂ.2 ಕಾರ್ಡಿನದು ಸಣ್ಣದು. ಒಂದರ ವೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಅದಲುಬದಲಾದ ಮೇಲೆ ಮೌಸ್ ಸಲೀಸಾಗಿ ಓಡಿತು. ಕೆಟ್ಟ ಅಂಕಿ ಮೇನ್ ಕಡೆಗೆ ದಾಟಿತ್ತು. ಅಲ್ಲಿಗೆ ಕಾರ್ಡ್ ಸರಿಯಿದೆ, ತೊಂದರೆ ವೈರಿನದೋ ಆಂಟೆನಾದ್ದೋ ಅಂತಾಯಿತು. ಪರದೆಯ ಮುಚ್ಚಳವನ್ನು ಮೆಲ್ಲಗೆ ತೆರೆದು ಮುಚ್ಚುತ್ತಾ ಅಂಕಿ ನೋಡಿದೆ. ವೈರ್ ಹಿಂಜಿನಲ್ಲಿ ಸಿಕ್ಕಿ ನಜ್ಜುಗುಜ್ಜಾಗಿದ್ದರೆ ಅಂಕಿ ಏರಿಳಿಯುತ್ತದೆ. ಕದಲಲಿಲ್ಲ.

ಉಳಿದಿದ್ದು ಆಂಟೆನಾ ಕೂತ ಜಾಗ. ಪರದೆಯ ಅಂಚಿನ ಫ್ರೇಮ್ ಬಿಚ್ಚಿದೆ. ತರಿಸಿದ ಜೋಡಿಯಲ್ಲಿ ಒಂದು ವೈರ್ ಗಿಡ್ಡ. ಮುಚ್ಚಳದ ಮೇಲಂಚಿನ ಪ್ಲಾಸ್ಟಿಕ್ ಪಟ್ಟಿಯ ತನಕ ಎಟುಕದೆ, ಆಂಟೆನಾ ಅಲ್ಯೂಮಿನಿಯಂ ತಗಡಿನ ಮೇಲೇ ಅಂಟಿತ್ತು. ಲೋಹ ರೇಡಿಯೊ ಅಲೆಯನ್ನು ತಡೆಯುತ್ತದೆ, ಆಂಟೆನಾದ ಟ್ಯೂನಿಂಗ್ ಕೂಡ ಕೆಡಿಸುತ್ತದೆ. ಕಂಪನಿಯವರು ಆ ಪ್ಲಾಸ್ಟಿಕ್ ಪಟ್ಟಿ ಇಟ್ಟಿರುವುದೇ ಅದಕ್ಕೆ, ಚಂದಕ್ಕಲ್ಲ.

ಉದ್ದ ವೈರಿನ ಆಂಟೆನಾ ತರಿಸಿ ಪಟ್ಟಿಯ ಹಿಂದೆ ಅಂಟಿಸಿದೆ. ಈಗ ಮೈನಸ್ 54, ಮೈನಸ್ 57. ಎರಡು ಮೂರರ ವ್ಯತ್ಯಾಸ ಮಾಮೂಲಿ. ಫ್ರೇಮ್ ಒತ್ತಿ ಮುಚ್ಚಿದ್ದು ಈ ಅಂಕಿ ನೋಡಿದ ಮೇಲೆಯೇ. ಹಳೆಯ ಫ್ರೇಮಿನ ಕೊಂಡಿಗಳು ಮತ್ತೆ ಮತ್ತೆ ಬಿಚ್ಚಿದರೆ ಮುರಿದುಹೋಗುತ್ತವೆ.