ಗ್ರಾಂಟ್ ಅರ್ಜಿಯನ್ನೇ ಬದಲಿಸಿದೆವು

ಅಮೆರಿಕದ ಒಹಾಯೊದಲ್ಲಿ ಒಂದು ಚಿಕ್ಕ ಕಮ್ಯೂನಿಟಿ ಫೌಂಡೇಶನ್‌ನಲ್ಲಿ ನನ್ನ ಕೆಲಸ. ಊರಿನವರು ಕೊಟ್ಟ ದೇಣಿಗೆಯನ್ನು ಊರಿನ ಸಂಘಸಂಸ್ಥೆಗಳಿಗೆ ಹಂಚುವ ಈ ಪದ್ಧತಿ ಶುರುವಾದದ್ದೇ ಇದೇ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ, 1914ರಲ್ಲಿ. 2020ರ ಮೇನಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆಯಾದ ಮೇಲೆ, ಜನಾಂಗೀಯ ಸಮಾನತೆಗೆಂದೇ ನಮ್ಮಲ್ಲೂ ಒಂದು ನಿಧಿ ಬಂತು. ಹಣವೇನೋ ಬಂತು, ಅದು ಯಾರ ಕೈ ಸೇರಬೇಕು?

ಮೊದಲು ನಾವು ಕೊಟ್ಟಿದ್ದ ಹಳೆಯ ಗ್ರಾಂಟ್‌ಗಳ, ಅಂದರೆ ಅನುದಾನಗಳ, ವಿಳಾಸಗಳನ್ನೆಲ್ಲ ನಕ್ಷೆಯ ಮೇಲೆ ಗುರುತಿಸಿದೆವು. ಪಕ್ಕದಲ್ಲಿ 1930ರ ದಶಕದ ಇನ್ನೊಂದು ನಕ್ಷೆ ಇಟ್ಟೆವು. ಮನೆ ಸಾಲಕ್ಕಾಗಿ ಆಗ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಊರೂರಿನ ಬಡಾವಣೆಗಳಿಗೆ ದರ್ಜೆ ಕೊಟ್ಟಿತ್ತು. ಕಪ್ಪು ಜನರಿದ್ದ ಕಡೆಯೆಲ್ಲ ಹೆಚ್ಚುಕಮ್ಮಿ ಕೆಂಪು ಬಣ್ಣ, ಅಂದರೆ ಸಾಲಕ್ಕೆ ಅಪಾಯಕಾರಿ. ನಮ್ಮ ಗ್ರಾಂಟ್‌ಗಳೂ ಆ ಕೆಂಪು ಜಾಗಗಳಿಗೆ ತೀರಾ ಕಡಿಮೆ ಹೋಗಿದ್ದವು. ಆ ಎರಡು ನಕ್ಷೆಗಳನ್ನು ನೋಡಿದ ಮೇಲೆ ಬೋರ್ಡಿನಲ್ಲಿ ಜಾಸ್ತಿ ವಾದ ನಡೆಯಲಿಲ್ಲ.

ಅಲ್ಲಿನವರು ಯಾಕೆ ಅರ್ಜಿ ಹಾಕುತ್ತಿಲ್ಲ ಎಂದು ಕೇಳಲು ಹೋದೆ. ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಸಂಜೆ ಪಾಠ ಹೇಳುವ ಹಿರಿಯ ಮಹಿಳೆಯೊಬ್ಬರು ನಮ್ಮದೇ ಫಾರಂ ತೆಗೆದು ಮೇಜಿನ ಮೇಲಿಟ್ಟರು. ಅರ್ಧ ತುಂಬಿತ್ತು. ಆಡಿಟ್ ವರದಿ ಲಗತ್ತಿಸಿ ಎಂಬಲ್ಲಿ ಪೆನ್ನು ನಿಂತಿತ್ತು. ವರ್ಷಕ್ಕೆ 50,000 ಡಾಲರ್‌ವರೆಗೆ ವರಮಾನ ಇರುವ ಇಂಥ ಸಂಸ್ಥೆಗಳಿಂದ ತೆರಿಗೆ ಇಲಾಖೆಯೇ ಸಾಮಾನ್ಯವಾಗಿ ಒಂದು ಪುಟ್ಟ ಆನ್‌ಲೈನ್ ಫಾರಂ ಬಿಟ್ಟು ಬೇರೇನೂ ಕೇಳುವುದಿಲ್ಲ. ನಾವು ಮಾತ್ರ ಆಡಿಟ್ ಕೇಳುತ್ತಿದ್ದೆವು. ಅದಕ್ಕೆ ತಗಲುವ ಖರ್ಚು ಕೆಲವು ಸಲ ಗ್ರಾಂಟ್‌ಗಿಂತ ಜಾಸ್ತಿ. ಅವರಿಗೆ ಬೇಕಿದ್ದದ್ದು ಮಕ್ಕಳನ್ನು ಮನೆ ಮುಟ್ಟಿಸುವ ವ್ಯಾನಿನ ಇನ್ಶೂರೆನ್ಸ್. ಹೊಸ ಯೋಜನೆ ಅಂದರೆ ದುಡ್ಡು ಕೊಡುವವರು ಸಿಗುತ್ತಾರೆ, ಇನ್ಶೂರೆನ್ಸ್‌ಗೆ ಯಾರು ಕೊಡುತ್ತಾರೆ?

ಆಡಿಟ್ ಶರತ್ತು ತೆಗೆದೆವು. ಉದ್ದದ ಫಾರಂ ಬದಲು ಫೋನಿನಲ್ಲಿ ಮಾತಾಡಿ ನಾವೇ ಬರೆದುಕೊಳ್ಳತೊಡಗಿದೆವು. ನೋಂದಣಿ ಇಲ್ಲದ ಗುಂಪುಗಳ ಹಣವನ್ನು ನೋಂದಾಯಿತ ಸಂಸ್ಥೆಯೊಂದು ತನ್ನ ಲೆಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಬಾಡಿಗೆಗೋ ಸಂಬಳಕ್ಕೋ ಇನ್ಶೂರೆನ್ಸ್‌ಗೋ, ಹೇಗೆ ಬೇಕೋ ಹಾಗೆ ಖರ್ಚು ಮಾಡಲು ಬಿಟ್ಟೆವು. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಈಗ ಆ ಬಡಾವಣೆಗಳ ನಿವಾಸಿಗಳೇ ಹೆಚ್ಚು. ಅವರ ಸಮಯಕ್ಕೆ ಗೌರವಧನ ಕೊಡುತ್ತೇವೆ. ಸುಮ್ನೆ ಬಂದು ಕೂತುಹೋಗಿ ಅನ್ನುವುದು ನ್ಯಾಯವಲ್ಲ, ಅಲ್ವಾ? ಯಾವ ಗುಂಪು ನಿಜವಾಗಿ ಕೆಲಸ ಮಾಡುತ್ತಿದೆ ಎಂದು ಯಾವ ವರದಿಗಿಂತಲೂ ಚೆನ್ನಾಗಿ ಅವರಿಗೆ ಗೊತ್ತು.

ಆಮೇಲೆ ಕಾನೂನಿನ ಪೇಚು ಬಂತು. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಎಂಬ ಹೂಡಿಕೆ ಸಂಸ್ಥೆ ಕಪ್ಪು ಮಹಿಳೆಯರ ಉದ್ಯಮಗಳಿಗೆಂದೇ ಸ್ಪರ್ಧೆಯ ಮೂಲಕ 20,000 ಡಾಲರ್ ಗ್ರಾಂಟ್ ಕೊಡುತ್ತಿತ್ತು. 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಡೆಯಿತು. ಆಧಾರ, ಒಪ್ಪಂದಗಳಲ್ಲಿ ಜನಾಂಗಭೇದ ಮಾಡಬಾರದು ಎನ್ನುವ 1866ರ ನಾಗರಿಕ ಹಕ್ಕು ಕಾನೂನು. ಗುಲಾಮಗಿರಿಯಿಂದ ಬಿಡುಗಡೆಯಾದವರ ರಕ್ಷಣೆಗೆಂದು ಮಾಡಿದ ಕಾನೂನು ಹೀಗೆ ಬಳಕೆಯಾದದ್ದು ನನಗೆ ಇವತ್ತಿಗೂ ನೋವು. ನಮ್ಮ ವಕೀಲರ ಜೊತೆ ಕೂತು ನಿಯಮಗಳನ್ನು ಸಾಲು ಸಾಲಾಗಿ ತಿದ್ದಿದೆವು. ಅರ್ಜಿದಾರರ ಬಣ್ಣ ನಾವು ಕೇಳುವುದಿಲ್ಲ. ಬಡಾವಣೆ ಯಾವುದು, ಅಲ್ಲಿ ಏನು ಕೊರತೆ, ನಿವಾಸಿಗಳ ಕೈಯಲ್ಲಿ ನಿರ್ಧಾರ ಇದೆಯಾ ಎಂದು ಕೇಳುತ್ತೇವೆ. ಎಲ್ಲರೂ ಅರ್ಜಿ ಹಾಕಬಹುದು. ಹೆದರಿ ನಿಧಿಯನ್ನೇ ಮುಚ್ಚೋಣ ಎಂದವರೂ ಇದ್ದರು, ಬೋರ್ಡ್ ಒಪ್ಪಲಿಲ್ಲ.

ಈಗ ನಾವು ಬೋರ್ಡನ್ನು ಕೇಳುತ್ತಿರುವುದು ಒಂದೊಂದೇ ವರ್ಷದ ಗ್ರಾಂಟ್ ಬಿಟ್ಟು ಮೂರು ವರ್ಷದ್ದು. ವರ್ಷ ವರ್ಷ ಅರ್ಜಿ ಹಾಕುತ್ತ ಕೂತರೆ ಪಾಠ ಹೇಳುವುದು ಯಾವಾಗ? ಮುಂದಿನ ಬೋರ್ಡ್ ಸಭೆಯಲ್ಲಿ ಆ ಮಾತನ್ನು ಚರ್ಚಿನ ಆ ಹಿರಿಯರೇ ಹೇಳಲಿದ್ದಾರೆ.