ಮಾರ್ಕ್ ಟ್ವೇನ್ ಹೋದ ಹಳಿಗಳ ಹಿಂದೆ

1896ರ ಜನವರಿಯಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಬೊಂಬಾಯಿಗೆ ಬಂದಿಳಿದ. ತಲೆ ಮೇಲೆ ದೊಡ್ಡ ಸಾಲ. ಅದನ್ನು ತೀರಿಸಲು ಹೆಂಡತಿ ಮತ್ತು ಮಗಳು ಕ್ಲಾರಾ ಜೊತೆ ದೇಶ ದೇಶ ಸುತ್ತಿ ಭಾಷಣ ಮಾಡುತ್ತಿದ್ದ. ಇಲ್ಲೂ ಬರೋಡಾ, ಅಲಹಾಬಾದ್, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಖನೌ, ಲಾಹೋರ್, ರಾವಲ್ಪಿಂಡಿ ಅಂತ ಎರಡು ತಿಂಗಳಿಗೂ ಜಾಸ್ತಿ ರೈಲಿನಲ್ಲಿ ಓಡಾಡಿದ. ದಕ್ಷಿಣಕ್ಕೆ ಮಾತ್ರ ರೈಲಿನಲ್ಲಿ ಬರಲಿಲ್ಲ. ಮದ್ರಾಸ್ ಮುಟ್ಟಿದ್ದು ಹಡಗಿನಲ್ಲಿ.

ಈ ಓಡಾಟವನ್ನು ನಕ್ಷೆಯ ಮೇಲೆ ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಊರು, ತಾರೀಖುಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಈಗಿನ ಹಳಿಗಳ ಮೇಲೆ ಹತ್ತಿರದ ದಾರಿ ಹುಡುಕಿಸಿದೆ. ಒಂದೇ ಸಂಜೆಗೆ ನಕ್ಷೆ ಸಿದ್ಧವಾಯಿತು. ಆದರೆ ಕಲ್ಕತ್ತದಿಂದ ಡಾರ್ಜಿಲಿಂಗ್ ಬೆಟ್ಟದ ಬುಡದ ಸಿಲಿಗುರಿಗೆ ಹೋಗುವ ಗೆರೆ, ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜ್ ದಾಟಿತ್ತು. ಆ ಬ್ಯಾರೇಜಿನ ಕೆಲಸ ಶುರುವಾದದ್ದೇ 1961ರಲ್ಲಿ!

ಟ್ವೇನ್ ಹೋದದ್ದು ಈಗಿನ ಬಾಂಗ್ಲಾದೇಶದ ಮೂಲಕ. ದಾಮೂಕ್‌ದಿಯಾ ಘಾಟ್‌ವರೆಗೆ ಬ್ರಾಡ್‌ಗೇಜ್, ಅಂದರೆ ಅಗಲ ಹಳಿ. ಅಲ್ಲಿ ಇಳಿದು ಸ್ಟೀಮರ್‌ನಲ್ಲಿ ಪದ್ಮಾ ನದಿ (ಅಲ್ಲಿ ಗಂಗೆಗೆ ಇರುವ ಹೆಸರು) ದಾಟಬೇಕು. ಆಚೆ ದಡದ ಸಾರಾ ಘಾಟ್‌ನಿಂದ ಅದಕ್ಕಿಂತ ಕಿರಿದಾದ ಮೀಟರ್‌ಗೇಜ್. ಸಿಲಿಗುರಿಯಲ್ಲಿ ಮತ್ತೆ ಇಳಿದು, ಎರಡೇ ಅಡಿ ಅಗಲದ ಹಳಿಯ ಬೆಟ್ಟದ ರೈಲು. ಪದ್ಮಾ ಮೇಲೆ ಹಾರ್ಡಿಂಜ್ ಸೇತುವೆ ಬಂದದ್ದು 1915ರಲ್ಲಿ.

ಎಲ್ಲವನ್ನೂ ಅಳಿಸಿದೆ. ಹಳೆಯ ರೈಲ್ವೆ ನಕ್ಷೆಯೊಂದರ ಸ್ಕ್ಯಾನ್ ತಂದು ಈಗಿನ ನಕ್ಷೆಯ ಮೇಲೆ ಕೂರಿಸಲು ಹೊರಟೆ. ಎರಡೂ ಕಡೆ ಒಂದೇ ಜಾಗವನ್ನು ಗುರುತು ಹಾಕಬೇಕು. ನಾನು ನದಿಯ ತಿರುವುಗಳನ್ನು ಹಿಡಿದೆ. ಹಳಿಗಳೆಲ್ಲ ಸೊಟ್ಟಗಾದವು. ಬಂಗಾಳದ ನದಿಗಳು ದಡ ಬದಲಿಸುತ್ತಲೇ ಇರುತ್ತವೆ ಅಲ್ವಾ! ಆಮೇಲೆ ಜಂಕ್ಷನ್‌ಗಳನ್ನೂ ಹಳೆಯ ಸೇತುವೆಗಳನ್ನೂ ಹಿಡಿದೆ. ಅಲಹಾಬಾದಿನ ನೈನಿ ಸೇತುವೆ 1865ರದ್ದು, ಕಾಶಿಯ ಡಫರಿನ್ ಸೇತುವೆ 1887ರದ್ದು. ಎರಡೂ ನಿಂತ ಜಾಗದಲ್ಲೇ ನಿಂತಿವೆ. ನಕ್ಷೆ ಸರಿಯಾಗಿ ಕೂತಿತು.

ಕೈಯಿಂದಲೇ ಒಂದೊಂದು ಗೆರೆ ಎಳೆದೆ. ಹಳಿಯ ಅಗಲಕ್ಕೆ ಒಂದೊಂದು ಬಣ್ಣ. ಊಹೆಯ ದಾರಿಗೆ ತುಂಡು ಗೆರೆ. ಪದ್ಮಾ ಹತ್ತಿರ ಹಳಿಯ ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ನೀರಿನ ಮೇಲೆ ನೀಲಿ ಚುಕ್ಕೆ ಇಟ್ಟೆ.

ಡಾರ್ಜಿಲಿಂಗ್‌ನಲ್ಲಿ ಇನ್ನೊಂದು ತೊಡಕು. ವಾಪಸ್ ಬರುವಾಗ ಟ್ವೇನ್ ಬೆಟ್ಟದ ನೆತ್ತಿಯಲ್ಲಿ ರೈಲು ಬಿಟ್ಟು ಪುಟ್ಟ ಟ್ರಾಲಿ ಹತ್ತಿದ. ಇಂಜಿನ್ ಇಲ್ಲ, ಇಳಿಜಾರೇ ಎಳೆದೊಯ್ಯಬೇಕು. ಹಾಗೆ 35 ಮೈಲಿ ಇಳಿದ. ಬದುಕಿನಲ್ಲೇ ಅಷ್ಟು ಖುಷಿ ಕೊಟ್ಟ ದಿನ ಇನ್ನೊಂದಿಲ್ಲ ಅಂತ ಆಮೇಲೆ ಬರೆದ. ನನ್ನ ನಕ್ಷೆಯಲ್ಲಿ ಹತ್ತಿದ ಗೆರೆ ಇಳಿದ ಗೆರೆಯನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಇಳಿದದ್ದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಬೇರೆಲ್ಲೂ ಬಳಸದ ಕೆಂಪು ಬಣ್ಣ ಕೊಟ್ಟೆ.